ಮೊಳೆ ಇಲ್ಲದ ಮರ

ದಾವಣಗೆರೆಯ ಪಿ.ಬಿ. ರಸ್ತೆಯ ಮಗ್ಗುಲಲ್ಲಿ
ದಾಮಜೀಭಾಯಿಯ ಸಾಮಿಲ್ಲು. ಅದರ ಹಿಂಬದಿಗೆ
ತಗಡಿನ ಒಂದು ಗೂಡು ನನ್ನದು.
ಕೆಲಸ, ಗರಗಸದ ಹಲ್ಲು ಮಸೆಯುವುದು.
ಒಂದು ಪಟ್ಟಿಗೆ ನೂರಾ ಎಂಬತ್ತು ಹಲ್ಲು,
ಒಂದೊಂದಕ್ಕೂ ಅರದ ಮೂರು ಎಳೆತ.
ಅಪ್ಪ ಹೊನ್ನೂರಸಾಬ ಇದನ್ನೇ ಮಾಡಿದ,
ಕಿವಿ ಹೋಗುವವರೆಗೆ.

ಮರ ಎಂಥದೆಂದು ನಾನು ಹೋಗಿ ನೋಡುವುದಿಲ್ಲ.
ಸಂಜೆ ಬಿಚ್ಚಿಟ್ಟ ಪಟ್ಟಿಯ ಮೇಲೆ ಬೆರಳಾಡಿಸಿದರೆ
ತಿಳಿಯುತ್ತದೆ.
ಬೇವಾದರೆ ಹಲ್ಲಿನ ಸಂದಿಗೆ ಅಂಟು,
ಜಾಲಿಯಾದರೆ ಮೊಂಡು,
ಹುಣಸೆಯಾದರೆ, ಹುಣಸೆಯಾದರೆ ಹಲ್ಲೇ ಇಲ್ಲ.

ರಸ್ತೆ ಆರು ಪಥವಾದ ವರ್ಷ
ಭರಮಸಾಗರದಿಂದ, ಆನಗೋಡಿನಿಂದ
ಸಾಲುಹುಣಸೆ ಬಂದವು ಟ್ರ್ಯಾಕ್ಟರು ತುಂಬ.
ಒಂದೊಂದರ ಮೈಯೊಳಗೂ ಕಬ್ಬಿಣ.
ಟ್ಯೂಷನ್ ಬೋರ್ಡಿನ ಮೊಳೆ, ಮೂಲವ್ಯಾಧಿ ವೈದ್ಯರ ಮೊಳೆ,
ಚುನಾವಣೆಯ ಮೊಳೆ, ದೆವ್ವ ಬಿಡಿಸಿದ ಮೊಳೆ,
ಪಂಚರ್ ಅಂಗಡಿಯವನು ಟ್ಯೂಬು ತೂಗುಹಾಕಿದ ಕೊಕ್ಕೆ,
ಯಾವ ಕಾಲದಲ್ಲೋ ಎತ್ತು ಕಟ್ಟಿದ ಸರಪಳಿಯ ಎರಡು ಕೊಂಡಿ.
ಮರ ಅದನ್ನೆಲ್ಲ ನುಂಗಿ, ಮೇಲೆ ತೊಗಟೆ ಹೊದ್ದು
ಸುಮ್ಮನೆ ನೆರಳು ಕೊಟ್ಟಿತ್ತು.
ದಿನಕ್ಕೆ ಹನ್ನೊಂದು ಹಲ್ಲು ಮುರಿದವು.
ದಾಮಜೀಭಾಯಿ ನನ್ನನ್ನು ಬೈದರು.

ಆಮೇಲೆ ಬಂದವು ಹಡಗಿನ ಮರ.
ಮಂಗಳೂರಿನಿಂದ ಓಬಳೇಶ ತಂದ,
ಒಂದು ಲಾರಿಗೆ ನಾಲ್ಕೇ ತುಂಡು.
ತಿಪ್ಪೇಶನೂ ನಾನೂ ಎದುರುಬದುರು ನಿಂತು ತಬ್ಬಿದರೆ
ಬೆರಳಿಗೆ ಬೆರಳು ಮುಟ್ಟಲಿಲ್ಲ.
ಕೊಯ್ದ ಮುಖದ ಮೇಲೆ ಕೆಂಪು ಬಣ್ಣದ ನಂಬರು,
ಪಕ್ಕದಲ್ಲಿ ಯಾರ ಬಾಯಿಗೂ ಹತ್ತದ ಊರಿನ ಹೆಸರು.
ಗರಗಸ ಒಳಹೊಕ್ಕಿತು. ನಾನು ಹಲ್ಲು ಕಚ್ಚಿ ಕಾದೆ.
ಏನೂ ಆಗಲಿಲ್ಲ.
ಬೆಣ್ಣೆ ಅನ್ನಲಾರೆ, ಬಿಗಿಯಿತ್ತು. ಆದರೆ
ತೊಗಟೆಯಿಂದ ತಿರುಳಿಗೆ, ತಿರುಳಿನಿಂದ ತೊಗಟೆಗೆ
ಒಂದೇ ದನಿ.

ಆ ರಾತ್ರಿ ನಿದ್ದೆ ಹತ್ತಲಿಲ್ಲ.
ಅಷ್ಟು ಕಾಲ ನಿಂತ ಮರಕ್ಕೆ
ಒಬ್ಬನೂ ಬಂದು ಏನನ್ನೂ ತೂಗುಹಾಕಿರಲಿಲ್ಲ.
ಅದು ಕಂಡ ಮೊದಲ ಕಬ್ಬಿಣ
ಅದನ್ನು ಕೆಡವಿದ್ದು. ಎರಡನೆಯದು
ನಾನು ಮಸೆದದ್ದು.

‘ಇಷ್ಟು ದೊಡ್ಡದು ಕಾಡೊಳಗಿಂದ ಹೆಂಗ್ ಬಂತು?’
ಓಬಳೇಶ ಬೀಡಿ ಹಚ್ಚಿದ.
‘ಮರ ಎಲ್ಲಿಗಾರ ನಡೀತತೇನಲೇ? ರಸ್ತೆನೇ ಹೋಗಿ ಕರ್ಕೊಂಡು ಬರ್ತತಿ.
ಮೊದ್ಲು ಡೋಜರು, ಅದರ ಬೆನ್ನಿಗೆ ಲಾರಿ,
ಲಾರಿ ಹಿಂದೆ ಚಾದಂಗಡಿ, ಚಾದಂಗಡಿ ಹಿಂದೆ ಊರು.’
ಅವನು ಆ ದೇಶ ಕಂಡವನಲ್ಲ,
ರಸ್ತೆ ಕಂಡವನು.

ವರ್ಷ ಕಳೆದಂತೆ ಲಾರಿಗೆ ಒಂಬತ್ತು ತುಂಡು,
ಹದಿನೇಳು, ಇಪ್ಪತ್ತಾರು.
ಈಗ ತಿಪ್ಪೇಶನೊಬ್ಬನೇ ತಬ್ಬುತ್ತಾನೆ,
ಕೈ ಮಿಗುತ್ತದೆ.

ಕೊಡಲಿಯ ಕಾವಿನ ಗಾದೆ ಹೇಳುತ್ತಿದ್ದ ಅಪ್ಪ,
ಕುಲಕ್ಕೆ ಕುಲವೇ ಮುಳುವೆಂದು.
ಈ ಗರಗಸಕ್ಕೆ ಕಾವೇ ಇಲ್ಲ ಅಪ್ಪ,
ಮರದ ತಪ್ಪೇನೂ ಇಲ್ಲ ಇದರಲ್ಲಿ.
ಉಕ್ಕು, ಕರೆಂಟು, ಮತ್ತೆ ನಾನು.

ಹೊಟ್ಟನ್ನು ಚೀಲಕ್ಕೆ ತುಂಬಿ
ಮಂಡಕ್ಕಿ ಭಟ್ಟಿಗೆ ಒಯ್ಯುತ್ತಾಳೆ ಮಾಬೂಬಿ.
ಹೆಸರು ಗೊತ್ತಿಲ್ಲದ ಕಾಡು ಉರಿದು
ಕಾದ ಮರಳಿನಲ್ಲಿ ಅಕ್ಕಿ ಅರಳುತ್ತದೆ.
‘ಈ ಹೊಟ್ಟಿನ ಹೊಗೆ ಕಣ್ಣಿಗೆ ಹತ್ತಲ್ಲ’ ಅನ್ನುತ್ತಾಳೆ,
ಒಳ್ಳೆಯ ಮಾತೆಂಬಂತೆ.
ಊರೆಲ್ಲ ತಿನ್ನುತ್ತದೆ, ಮಿರ್ಚಿ ನಂಚಿಕೊಂಡು. ನಾನೂ.

ಹೋದ ಗುರುವಾರ ಹಡಗಿನ ಮರವೊಂದರಲ್ಲಿ
ಗರಗಸ ಕಿರುಚಿತು.
ಮೂರು ಹಲ್ಲು ಹೋದವು.
ಇಕ್ಕಳ ಹಾಕಿ ಎಳೆದೆ:
ಒಂದು ಮೊಳೆ, ಅದರ ಕುತ್ತಿಗೆಯಲ್ಲಿ
ಹಳದಿ ಬಣ್ಣದ ತಗಡಿನ ಚೂರು,
ಚೂರಿನ ಮೇಲೆ ಅರ್ಧ ಅಕ್ಷರ.
ಅಲ್ಲಿಯೂ ಯಾರೋ ಬೋರ್ಡು ಹಾಕಿದ್ದಾರೆ.

ಹುಣಸೆಯ ಮೊಳೆಗಳಿದ್ದ ಡಬ್ಬಿಗೇ ಹಾಕಿ
ಮುಚ್ಚಳ ಒತ್ತಿ ಅಲ್ಲಾಡಿಸಿದೆ.
ಮತ್ತೆ ತೆರೆದು ಹುಡುಕಿದರೆ
ಯಾವುದು ಅಲ್ಲಿಯದು, ಯಾವುದು ಆನಗೋಡಿನದು,
ಗೊತ್ತಾಗಲಿಲ್ಲ.

ಆರಕ್ಕೆ ಕರೆಂಟು ಬರುತ್ತದೆ.
ಅಷ್ಟರೊಳಗೆ ಮೂರು ಹಲ್ಲು ಕೂರಿಸಬೇಕು.